ಲಾರ್ಸೆನ್ ಎಂಬ ಅಡ್ಡಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಸೇತುವೆಯೋ ಕಟ್ಟಡವೋ ಏಳುತ್ತಿರುವ ಕಡೆ ಎಲ್ ಅಂಡ್ ಟಿ ಅನ್ನೋ ಬೋರ್ಡ್ ನೋಡಿಯೇ ಇರುತ್ತೀರಿ. ಲಾರ್ಸನ್ ಅಂಡ್ ಟೂಬ್ರೊ. ಈ ಲಾರ್ಸನ್ ಯಾರು, ಹೆಸರಿನ ಅರ್ಥ ಏನು ಅಂತ ಹುಡುಕಲು ಹೊರಟವನು ನಾನು. ಹುಡುಕಾಟ ಡೆನ್ಮಾರ್ಕಿನ ಹಳ್ಳಿಗಳಿಗೆ, ಅಲ್ಲಿಂದ ರೋಮ್‌ಗೆ ಹೋಗಿ, ಕೊನೆಗೆ ನಮ್ಮ ಕಾರ್ಕಳಕ್ಕೇ ಬಂದು ನಿಂತಿತು. ಸ್ನೇಹಿತರು, ನೆಂಟರು ನನ್ನನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಲಾರ್ಸೆನ್ ಅಂದರೆ ಏನು?

ಲಾರ್ಸ್‌ನ ಮಗ. ಅಷ್ಟೇ. ಡ್ಯಾನಿಶ್ ಭಾಷೆಯಲ್ಲಿ ಮಗನಿಗೆ ‘ಸೋನ್’ ಅನ್ನುತ್ತಾರೆ. ಹೆಸರಿನ ಕೊನೆಗೆ ಅಂಟಿಕೊಂಡಾಗ ಆ ‘ಸೋನ್’ ಬಾಯಲ್ಲಿ ಸವೆದು ‘ಸೆನ್’ ಆಯಿತು. ಅಪ್ಪನ ಹೆಸರಿನಿಂದ ಹುಟ್ಟಿದ ಅಡ್ಡಹೆಸರು ಇದು. ನೀಲ್ಸ್‌ನ ಮಗ ನೀಲ್ಸೆನ್, ಹಾನ್ಸ್‌ನ ಮಗ ಹಾನ್ಸೆನ್, ಪೀಡರ್‌ನ ಮಗ ಪೀಡರ್ಸೆನ್. ಎಲ್ಲವೂ ಒಂದೇ ಅಚ್ಚಿನವು.

ಬಂಗಾಳದ ‘ಸೇನ್’ಗೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ಅದು ಸಂಸ್ಕೃತದ ‘ಸೇನಾ’ ಕಡೆಯದು. ಕಿವಿಗೆ ಮಾತ್ರ ಒಂದೇ ಥರ ಕೇಳುತ್ತದೆ.

ಹಾಗಾದರೆ ಲಾರ್ಸ್ ಅನ್ನೋ ಹೆಸರು ಎಲ್ಲಿಂದ ಬಂತು?

ಲ್ಯಾಟಿನ್‌ನ ‘ಲಾರೆಂಟಿಯಸ್’ನಿಂದ. ಲಾರೆಂಟಿಯಸ್ ಅಂದರೆ ಲಾರೆಂಟಮ್ ಊರಿನವನು. ಲಾರೆಂಟಮ್ ಅನ್ನೋದು ರೋಮ್ ನಗರದ ಹತ್ತಿರ, ಸಮುದ್ರದ ಕಡೆಗಿದ್ದ ಒಂದು ಪುರಾತನ ಊರು. ಊರಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಳ್ಳೋದು ನಮಗೇನು ಹೊಸದಲ್ಲ ಬಿಡಿ. ಗೆದ್ದವರ ತಲೆಗೆ ಎಲೆಯ ಕಿರೀಟ ತೊಡಿಸುತ್ತಿದ್ದರಲ್ಲ, ಆ ಲಾರೆಲ್ ಗಿಡದ ಹೆಸರನ್ನೂ ಜನ ಇದರ ಜೊತೆ ಸೇರಿಸಿ ಹೇಳುತ್ತಾರೆ.

ಆದರೆ ಊರು, ಎಲೆ ನೋಡಿ ಯಾರೂ ಮಗುವಿಗೆ ಈ ಹೆಸರು ಇಡಲಿಲ್ಲ. ಇಟ್ಟಿದ್ದು ಒಬ್ಬ ಸಂತನ ಮೇಲಿನ ಭಕ್ತಿಯಿಂದ. ಸಂತ ಲಾರೆನ್ಸ್ ರೋಮ್‌ನ ಚರ್ಚಿನಲ್ಲಿ ಸೇವಕನಾಗಿದ್ದವನು. ಚರ್ಚಿನ ಹಣಕಾಸು ಅವನ ಕೈಯಲ್ಲಿತ್ತು. ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, 258ರಲ್ಲಿ, ಅವನನ್ನು ಕೊಂದರು. ಚರ್ಚಿನ ಸಂಪತ್ತನ್ನೆಲ್ಲ ತಂದೊಪ್ಪಿಸು ಅಂತ ಅಧಿಕಾರಿಗಳು ಹೇಳಿದಾಗ, ಅವನು ಊರಿನ ಬಡವರು, ಕುರುಡರು, ಕುಂಟರನ್ನು ಕರೆತಂದು ನಿಲ್ಲಿಸಿ ‘ಇವರೇ ಚರ್ಚಿನ ಸಂಪತ್ತು’ ಅಂದನಂತೆ. ಅವನನ್ನು ಕಬ್ಬಿಣದ ಸರಳಿನ ಮೇಲೆ ಮಲಗಿಸಿ ಸುಟ್ಟರು ಅನ್ನೋದು ಪರಂಪರೆಯಿಂದ ಬಂದ ಕಥೆ. ಅದಕ್ಕೇ ಚಿತ್ರಗಳಲ್ಲಿ ಅವನ ಕೈಯಲ್ಲಿ ಸಾಮಾನ್ಯವಾಗಿ ಒಂದು ಸರಳಿನ ಚೌಕಟ್ಟು ಇರುತ್ತದೆ. ಆಗಸ್ಟ್ 10 ಅವನ ದಿನ. ಆ ದಿನಗಳಲ್ಲೇ ಆಕಾಶದಲ್ಲಿ ಪರ್ಸೀಡ್ ಉಲ್ಕೆಗಳು ಬೀಳುತ್ತವೆ. ಯುರೋಪಿನ ಜನ ಅವನ್ನು ಸಂತ ಲಾರೆನ್ಸನ ಕಣ್ಣೀರು ಅಂತ ಕರೆದರು.

ಕಾರ್ಕಳ ಕಡೆಯವರಿಗೆ ಈ ಹೊತ್ತಿಗೆ ಹೊಳೆದಿರಬೇಕು. ಹೌದು, ಅತ್ತೂರು ಚರ್ಚಿನ ಸಂತ ಲಾರೆನ್ಸ್ ಇವನೇ. ಚಿಕ್ಕವನಿದ್ದಾಗ ಜನವರಿಯ ಕೊನೆಯಲ್ಲಿ ಅಮ್ಮನ ಕೈ ಹಿಡಿದುಕೊಂಡು ಅತ್ತೂರು ಸಾಂತ್‌ಮಾರಿಗೆ, ಅಂದರೆ ಆ ಚರ್ಚಿನ ಜಾತ್ರೆಗೆ, ಹೋಗುತ್ತಿದ್ದೆ. ನಾವು ಕ್ರೈಸ್ತರಲ್ಲ. ಆದರೂ ಅಮ್ಮ ಪ್ರತಿ ವರ್ಷ ಎರಡು ಮೇಣದಬತ್ತಿ ಹಚ್ಚುತ್ತಿದ್ದಳು. ಕರಗಿದ ಮೇಣ ಬೆರಳಿನ ಮೇಲೆ ಬಿದ್ದು ಬಿಳಿ ಪೊರೆಯಾಗುತ್ತಿತ್ತು, ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅದನ್ನು ಕೀಳುತ್ತಿದ್ದೆ. ಆ ಚರ್ಚಿಗೆ 2016ರಲ್ಲಿ ಬಸಿಲಿಕಾ ಪಟ್ಟ, ಅಂದರೆ ಪೋಪ್ ಕೊಡುವ ವಿಶೇಷ ಗೌರವ, ಸಿಕ್ಕಿತು. ಲಾರ್ಸನ್ ಅಂಡ್ ಟೂಬ್ರೊ ಬೋರ್ಡಿನಲ್ಲಿರುವ ಹೆಸರು ಮತ್ತು ಅಮ್ಮ ಬತ್ತಿ ಹಚ್ಚುತ್ತಿದ್ದ ಸಂತನ ಹೆಸರು ಒಂದೇ ಅಂತ ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ರೋಮ್‌ನ ಸಂತನ ಹೆಸರು ಡೆನ್ಮಾರ್ಕಿನ ರೈತರ ಮನೆಗೆ ಹೇಗೆ ಬಂತು?

ಲುಂಡ್ ನಗರದ ಮೂಲಕ. ಲುಂಡ್ ಈಗ ಸ್ವೀಡನ್‌ನಲ್ಲಿದೆ. ಆದರೆ 1658ರವರೆಗೆ ಅದು ಡೆನ್ಮಾರ್ಕಿನದೇ ಆಗಿತ್ತು. 1100ರ ದಶಕದ ಶುರುವಿನಲ್ಲಿ ಲುಂಡ್‌ನ ಬಿಷಪ್ ಆರ್ಚ್‌ಬಿಷಪ್ ಆದರು, ಇಡೀ ಉತ್ತರದ ನಾಡುಗಳ ಚರ್ಚುಗಳು ಅವರ ಕೆಳಗೆ ಬಂದವು. ಅಲ್ಲಿನ ದೊಡ್ಡ ಕಲ್ಲಿನ ಚರ್ಚು ಸಂತ ಲಾರೆನ್ಸನ ಹೆಸರಿನಲ್ಲೇ ಇದೆ. ದೊಡ್ಡ ಗುಡಿಯ ದೇವರ ಹೆಸರು ಸುತ್ತಲಿನ ಊರುಗಳ ಮಕ್ಕಳಿಗೆ ಬರುತ್ತದೆ. ಧರ್ಮಸ್ಥಳದ ಸುತ್ತ ಎಷ್ಟು ಜನ ಮಂಜುನಾಥ ಇದ್ದಾರೆ ನೋಡಿ.

ಲಾರೆಂಟಿಯಸ್ ಸವೆದು ಲಾರ್ಸ್ ಆಗಿದ್ದು ಹೇಗೆ?

ದಿನಾ ಕರೆಯುವ ಹೆಸರು ಉದ್ದ ಉಳಿಯುವುದಿಲ್ಲ. ಲಾರೆಂಟಿಯಸ್ ಮೊದಲು ಲಾರೆಂಟ್ಸ್, ಲೌರಿಟ್ಸ್ ಆಯಿತು, ಆಮೇಲೆ ಲೌರ್ಸ್, ಕೊನೆಗೆ ಲಾರ್ಸ್. ಮುದ್ದಿಗೆ ಲಾಸ್ಸೆ. ಪಾದ್ರಿ ಪುಸ್ತಕದಲ್ಲಿ ಲೌರಿಟ್ಸ್ ಅಂತ ಬರೆಯುತ್ತಿದ್ದ, ಹೊಲದಲ್ಲಿ ಜನ ಲಾರ್ಸ್ ಅಂತ ಕೂಗುತ್ತಿದ್ದರು. ಇಬ್ಬರೂ ಒಬ್ಬನೇ. ಹಾಗಾಗಿ ಲೌರಿಟ್ಸೆನ್, ಲೌರಿಡ್ಸೆನ್, ಲಾಸ್ಸೆನ್ ಕೂಡ ಲಾರ್ಸೆನ್‌ನ ಅಣ್ಣತಮ್ಮಂದಿರೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾಸೆನ್ ಪೀಕ್ ಅನ್ನೋ ಜ್ವಾಲಾಮುಖಿ ಇದೆ. ಡೆನ್ಮಾರ್ಕಿನಿಂದ ವಲಸೆ ಹೋದ ಪೀಟರ್ ಲಾಸೆನ್ ಎಂಬ ಕಮ್ಮಾರನ ಹೆಸರು ಅದಕ್ಕೆ. ಆ ಬೆಟ್ಟದ ಮೇಲೂ ಅತ್ತೂರಿನ ಸಂತನೇ ಇದ್ದಾನೆ ಅನ್ನಿ!

ಹಳೆ ಕಾಲದಲ್ಲಿ ಈ ಹೆಸರಿಡುವ ಪದ್ಧತಿ ಹೇಗೆ ನಡೆಯುತ್ತಿತ್ತು?

ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಆಗ ಲಾರ್ಸೆನ್ ಮನೆತನದ ಹೆಸರೇ ಆಗಿರಲಿಲ್ಲ. ಅದು ಒಬ್ಬ ಮನುಷ್ಯನ ಬಗ್ಗೆ ಹೇಳುವ ಒಂದು ಮಾತು: ಇವನು ಲಾರ್ಸ್‌ನ ಮಗ. ಆ ಮಾತು ಅವನಿಗೆ ಮಾತ್ರ ನಿಜ, ಅವನ ಮಗನಿಗೆ ನಿಜ ಅಲ್ಲ.

ಒಂದು ಉದಾಹರಣೆ ಮಾಡಿಕೊಳ್ಳೋಣ. ಲಾರ್ಸ್ ಎಂಬ ರೈತ ಇದ್ದಾನೆ. ಅವನ ಮಗ ನೀಲ್ಸ್. ಅವನು ನೀಲ್ಸ್ ಲಾರ್ಸೆನ್. ಈ ನೀಲ್ಸ್‌ಗೆ ಗಂಡುಮಗು ಹುಟ್ಟಿತು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವುದು ಅಲ್ಲಿನ ವಾಡಿಕೆ, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಹಾಗಾಗಿ ಮಗು ಲಾರ್ಸ್ ಆಯಿತು. ಅಪ್ಪ ನೀಲ್ಸ್ ಆದ್ದರಿಂದ ಲಾರ್ಸ್ ನೀಲ್ಸೆನ್. ಅವನ ಮೊದಲ ಮಗ ಮತ್ತೆ ನೀಲ್ಸ್ ಲಾರ್ಸೆನ್. ಹೀಗೆ ನೂರಾರು ವರ್ಷ ಒಂದೇ ಹೊಲದಲ್ಲಿ ಲಾರ್ಸ್ ನೀಲ್ಸೆನ್, ನೀಲ್ಸ್ ಲಾರ್ಸೆನ್ ಸರದಿಯ ಮೇಲೆ ಬರುತ್ತಿದ್ದರು.

ತಾತನ ಹೆಸರು ಮೊಮ್ಮಗನಿಗೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನ ಹೆಸರು ತಲೆಮಾರಿಗೊಮ್ಮೆ ಬದಲಾಗುವುದೂ ನಮ್ಮಲ್ಲಿ ಇದೆ. ಎಚ್.ಡಿ. ದೇವೇಗೌಡರ ‘ಡಿ’ ಅಂದರೆ ಅವರ ತಂದೆ ದೊಡ್ಡೇಗೌಡರು. ಎಚ್.ಡಿ. ಕುಮಾರಸ್ವಾಮಿ ಅವರ ‘ಡಿ’ ಅಂದರೆ ದೇವೇಗೌಡರು. ಅಕ್ಷರ ಒಂದೇ, ಒಳಗಿರುವ ಅಪ್ಪ ಬೇರೆ. ‘ಎಚ್’ ಎರಡರಲ್ಲೂ ಹರದನಹಳ್ಳಿ. ಹಳೆಯ ಡೆನ್ಮಾರ್ಕಿನ ರೈತ ಈ ಹೆಸರು ನೋಡಿದ್ದರೆ ತಕ್ಷಣ ಓದಿಬಿಡುತ್ತಿದ್ದ.

ಇನ್ನೊಂದು ವಾಡಿಕೆ ಇದೆ, ಓದಿದಾಗ ನನ್ನ ಮನಸ್ಸಿಗೆ ತುಂಬಾ ತಟ್ಟಿತು. ಹೆಂಡತಿ ಸತ್ತು ಗಂಡ ಮತ್ತೆ ಮದುವೆಯಾದರೆ, ಹೊಸ ಹೆಂಡತಿಗೆ ಹುಟ್ಟುವ ಮೊದಲ ಹೆಣ್ಣುಮಗುವಿಗೆ ತೀರಿಹೋದ ಹೆಂಡತಿಯ ಹೆಸರು ಇಡುತ್ತಿದ್ದರು. ಗಂಡ ಸತ್ತು ಮರುಮದುವೆಯಾದವಳೂ ಹಾಗೇ, ಹೊಸ ಮಗನಿಗೆ ಹಳೆಯ ಗಂಡನ ಹೆಸರು.

ಹೆಣ್ಣುಮಕ್ಕಳು ‘ಮಗ’ ಹೇಗಾಗುತ್ತಾರೆ?

ಆಗುತ್ತಿರಲಿಲ್ಲ. ಲಾರ್ಸ್‌ನ ಮಗಳು ಲಾರ್ಸ್‌ಡಾಟರ್. ‘ಡಾಟರ್’ ಅಂದರೆ ಮಗಳು. ಮದುವೆಯಾದರೂ ಆ ಹೆಸರು ಬದಲಾಗುತ್ತಿರಲಿಲ್ಲ, ಸಾಯುವ ತನಕ ಅವಳು ಲಾರ್ಸ್‌ಡಾಟರ್ ಆಗಿಯೇ ಇರುತ್ತಿದ್ದಳು. ಗಂಡ ಪೀಡರ್ಸೆನ್ ಆದರೆ ಅದು ಅವನ ಅಪ್ಪನ ವಿಷಯ, ಅವಳಿಗೆ ಸಂಬಂಧವಿಲ್ಲ.

ಹೆಸರುಗಳನ್ನು ಸರ್ಕಾರ ಗಟ್ಟಿ ಮಾಡಿದಾಗ ಅಣ್ಣ, ತಂಗಿ ಎಲ್ಲರಿಗೂ ಒಂದೇ ಲಾರ್ಸೆನ್ ಅಂಟಿತು. ಡಾಟರ್ ಅಳಿಸಿಹೋಯಿತು. ಇವತ್ತು ಡೆನ್ಮಾರ್ಕಿನಲ್ಲಿ ಲಕ್ಷಾಂತರ ಹೆಂಗಸರ ಹೆಸರಿನ ಕೊನೆಗೆ ‘ಮಗ’ ಇದೆ. ಇದು ನನಗೆ ದೊಡ್ಡ ನಷ್ಟ ಅನ್ನಿಸುತ್ತದೆ. ಲಾರ್ಸ್‌ಡಾಟರ್ ಅನ್ನೋದು ಎಷ್ಟು ಚೆಂದದ ಹೆಸರು ಅಲ್ವಾ?

ಈ ಪದ್ಧತಿ ಯಾವಾಗ ನಿಂತಿತು? ಹೆಸರು ಗಟ್ಟಿಯಾಗಿದ್ದು ಹೇಗೆ?

ಮೊದಲು ದೊಡ್ಡವರ ಮನೆಗಳಲ್ಲಿ. 1526ರಲ್ಲಿ ರಾಜ ಮೊದಲನೇ ಫ್ರೆಡೆರಿಕ್, ಶ್ರೀಮಂತ ಮನೆತನದವರೆಲ್ಲ ಶಾಶ್ವತ ಹೆಸರು ಇಟ್ಟುಕೊಳ್ಳಬೇಕು ಅಂದ. ರೈತರನ್ನು ಆಗ ಯಾರೂ ಕೇಳಲಿಲ್ಲ. 1771ರಲ್ಲಿ ದಕ್ಷಿಣದ ಸ್ಲೆಸ್ವಿಗ್ ಪ್ರಾಂತ್ಯಕ್ಕೆ ಆಜ್ಞೆ ಬಂತು. ಇಡೀ ಡೆನ್ಮಾರ್ಕಿಗೆ ಬಂದಿದ್ದು 1828ರಲ್ಲಿ: ದೀಕ್ಷಾಸ್ನಾನ ಮಾಡಿಸುವಾಗ ಮಗುವಿಗೆ ಸ್ವಂತ ಹೆಸರಿನ ಜೊತೆ ಮನೆತನದ ಹೆಸರನ್ನೂ ಬರೆಸಬೇಕು, ಅದು ಮುಂದೆ ಬದಲಾಗಬಾರದು.

ಆಜ್ಞೆ ಬರೆದವರಿಗೆ ಸ್ಪಷ್ಟವಾಗಿತ್ತೋ ಏನೋ, ಹಳ್ಳಿಯ ಪಾದ್ರಿಗೆ ಆಗಲಿಲ್ಲ. ನೀಲ್ಸ್ ಲಾರ್ಸೆನ್ ಮಗುವನ್ನು ಎತ್ತಿಕೊಂಡು ಬಂದಿದ್ದಾನೆ. ಮನೆತನದ ಹೆಸರು ಅಂದರೆ ಯಾವುದು? ಅಪ್ಪನ ಕೊನೆಯಲ್ಲಿರುವ ಲಾರ್ಸೆನ್ನಾ, ಅಥವಾ ವಾಡಿಕೆಯಂತೆ ನೀಲ್ಸೆನ್ನಾ? ಒಬ್ಬ ಪಾದ್ರಿ ಹಾಗೆ ಬರೆದ, ಇನ್ನೊಬ್ಬ ಹೀಗೆ ಬರೆದ. ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಅಡ್ಡಹೆಸರು ಬಂದದ್ದೂ ಉಂಟು. 1856ರಲ್ಲಿ ಸರ್ಕಾರ ಮತ್ತೊಂದು ಕಾನೂನು ತಂದು, ಹೆಸರು ತಲೆಮಾರಿಗೊಮ್ಮೆ ಬದಲಾಗಬಾರದು ಅಂತ ಗಟ್ಟಿಯಾಗಿ ಹೇಳಿತು. ಹಳ್ಳಿಗಳು ಅದನ್ನು ಪೂರ್ತಿ ಒಪ್ಪಿಕೊಳ್ಳಲು ಇನ್ನೂ ಕೆಲವು ದಶಕ ಹಿಡಿಯಿತು.

ಅಂದರೆ ಇವತ್ತಿನ ಡ್ಯಾನಿಶ್ ಲಾರ್ಸೆನ್ ಮನೆಗಳಲ್ಲಿ ಹೆಚ್ಚಿನವಕ್ಕೆ 19ನೇ ಶತಮಾನದ ಯಾವುದೋ ಒಬ್ಬ ನಿಜವಾದ ಲಾರ್ಸ್ ಇದ್ದಾನೆ. ಹೆಸರು ಓಡುವುದನ್ನು ನಿಲ್ಲಿಸಿದ ಹೊತ್ತಿಗೆ ಸರಿಯಾಗಿ ಅಲ್ಲಿದ್ದವನು ಅವನು. ಅವನ ಅಪ್ಪನ ಸರದಿ ದಾಟಿಹೋಗಿತ್ತು, ಅವನ ಮಗನ ಸರದಿ ಬರಲೇ ಇಲ್ಲ. ಯಾವ ಸಾಧನೆಯನ್ನೂ ಮಾಡದ ಒಬ್ಬ ರೈತನ ಹೆಸರನ್ನು ಅವನ ಮರಿಮಕ್ಕಳ ಮಕ್ಕಳೂ ಹೊತ್ತುಕೊಂಡು ತಿರುಗುತ್ತಿದ್ದಾರೆ.

ಎಲ್ಲ ಲಾರ್ಸೆನ್‌ಗಳೂ ಸಂಬಂಧಿಕರಾ?

ಖಂಡಿತ ಅಲ್ಲ. ಪ್ರತಿ ಹಳ್ಳಿಯಲ್ಲೂ ಒಬ್ಬ ಲಾರ್ಸ್ ಇದ್ದ, ಅಷ್ಟೂ ಲಾರ್ಸ್‌ಗಳಿಂದ ಬೇರೆ ಬೇರೆಯಾಗಿ ಈ ಹೆಸರು ಹುಟ್ಟಿದೆ. ಕೆಲವೊಮ್ಮೆ ರಕ್ತಸಂಬಂಧವೇ ಇರುವುದಿಲ್ಲ. ಅಮೆರಿಕದ ಲೇಖಕಿ ನೆಲ್ಲಾ ಲಾರ್ಸೆನ್ 1891ರಲ್ಲಿ ಶಿಕಾಗೋದಲ್ಲಿ ಹುಟ್ಟಿದವರು. ತಾಯಿ ಡ್ಯಾನಿಶ್, ಆದರೆ ಲಾರ್ಸೆನ್ ಬಂದಿದ್ದು ಮಲತಂದೆಯಿಂದ.

ಲಾರ್ಸೆನ್, ಲಾರ್ಸನ್, ಲಾರ್ಸೊನ್: ಏನು ವ್ಯತ್ಯಾಸ?

‘ಸೆನ್’ ಅಂತ ಇದ್ದರೆ ಡೆನ್ಮಾರ್ಕ್ ಅಥವಾ ನಾರ್ವೆ. ನಾರ್ವೆ 1814ರವರೆಗೆ ಡೆನ್ಮಾರ್ಕಿನ ರಾಜರ ಕೈಕೆಳಗಿತ್ತು, ಬರವಣಿಗೆಯೂ ಡ್ಯಾನಿಶ್‌ನಲ್ಲೇ ನಡೆಯುತ್ತಿತ್ತು. ಅದಕ್ಕೇ ಅಲ್ಲೂ ‘ಸೆನ್’. ‘ಸೊನ್’ ಅಂತಿದ್ದು ನಡುವೆ ಎರಡು ‘ಸ’ ಕಂಡರೆ ಸ್ವೀಡನ್: ಲಾರ್ಸ್ಸೊನ್. ಅಮೆರಿಕಕ್ಕೆ ಹೋದವರಲ್ಲಿ ಎಷ್ಟೋ ಜನ ಒಂದು ‘ಸ’ ಬಿಟ್ಟು ಲಾರ್ಸನ್ ಆದರು. ಐಸ್‌ಲ್ಯಾಂಡಿನಲ್ಲಿ ಇದೇ ಹೆಸರು ಲಾರುಸ್. ಅಲ್ಲಿ ಅಪ್ಪನ ಹೆಸರಿನ ಪದ್ಧತಿ ಇವತ್ತಿಗೂ ಜೀವಂತ. ಮಗ ಲಾರುಸ್ಸೊನ್, ಮಗಳು ಲಾರುಸ್‌ಡೊಟ್ಟಿರ್.

ಡೆನ್ಮಾರ್ಕಿನವರ ಬಾಯಲ್ಲಿ ಕೇಳಿದರೆ ‘ರ’ ಕೇಳಿಸುವುದೇ ಕಷ್ಟ. ‘ಲಾಸ್ನ್’ ಅಂದ ಹಾಗಿರುತ್ತದೆ. ನಾವು ಲಾರ್ಸನ್ ಅನ್ನುವುದು ತಪ್ಪೇನಲ್ಲ, ನಮ್ಮ ಬಾಯಿಗೆ ಹೊಂದಿಕೊಂಡಿದೆ.

ಇಷ್ಟು ಜನರಿಗೆ ಒಂದೇ ಹೆಸರಾದರೆ ಗುರುತಿಸುವುದು ಹೇಗೆ?

ಅದು ಅಲ್ಲಿ ನಿಜಕ್ಕೂ ತಲೆನೋವು. ಡೆನ್ಮಾರ್ಕಿನ ಜನಸಂಖ್ಯೆ 60 ಲಕ್ಷದ ಹತ್ತಿರ. ಅದರಲ್ಲಿ ಲಾರ್ಸೆನ್‌ಗಳೇ ಒಂದು ಲಕ್ಷಕ್ಕೂ ಜಾಸ್ತಿ. ದೇಶದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಹತ್ತು ಅಡ್ಡಹೆಸರುಗಳೂ ‘ಸೆನ್’ನಿಂದಲೇ ಮುಗಿಯುತ್ತವೆ. ‘ಸೆನ್’ ಇಲ್ಲದ ಹೆಸರು ಬೇಕೆಂದರೆ ಪಟ್ಟಿಯಲ್ಲಿ ಇಪ್ಪತ್ತರ ಹತ್ತಿರ ಹೋಗಬೇಕು. ಅಲ್ಲಿ ಸಿಗುವುದು ಮೋಲರ್, ಅಂದರೆ ಹಿಟ್ಟಿನ ಗಿರಣಿಯವನು. ನಮ್ಮ ಉತ್ತರ ಕರ್ನಾಟಕದ ಕಂಬಾರ, ಬಡಿಗೇರ ಇದ್ದ ಹಾಗೆ ಕಸುಬಿನ ಹೆಸರು.

ಹಳ್ಳಿಯಲ್ಲಿ ಹಿಂದೆ ಇದಕ್ಕೆ ಸುಲಭದ ದಾರಿ ಇತ್ತು. ಕಮ್ಮಾರನಾದರೆ ಲಾರ್ಸ್ ಸ್ಮೆಡ್, ಇಲ್ಲದಿದ್ದರೆ ಹೊಲದ ಹೆಸರು ಹಿಡಿದು ಕರೆಯುತ್ತಿದ್ದರು. ನಗರಗಳು ಬೆಳೆದ ಮೇಲೆ ಅದು ಸಾಕಾಗಲಿಲ್ಲ. 1904ರಲ್ಲಿ ಹೆಸರು ಬದಲಿಸುವುದನ್ನು ಸುಲಭ ಮಾಡುವ ಕಾನೂನು ಬಂತು, ಎಷ್ಟೋ ಜನ ‘ಸೆನ್’ ಬಿಟ್ಟು ಊರಿನ, ಹೊಲದ ಹೆಸರು ಹಿಡಿದರು. ಇನ್ನು ಕೆಲವರು ‘ಸೆನ್’ ಇಟ್ಟುಕೊಂಡೇ ನಡುವೆ ಮತ್ತೊಂದು ಹೆಸರು ಸೇರಿಸಿಕೊಂಡರು.

ನಡುವಿನ ಹೆಸರು ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೆ ಅಲ್ಲಿನ ಪ್ರಧಾನಿಗಳನ್ನು ನೋಡಿ. 1993ರಿಂದ 2011ರವರೆಗೆ ಸಾಲಾಗಿ ಮೂವರು ಪ್ರಧಾನಿಗಳು, ಮೂವರೂ ರಾಸ್ಮುಸ್ಸೆನ್: ಪೌಲ್ ನ್ಯೂರುಪ್ ರಾಸ್ಮುಸ್ಸೆನ್, ಆಂಡರ್ಸ್ ಫೋ ರಾಸ್ಮುಸ್ಸೆನ್, ಲಾರ್ಸ್ ಲೋಕ್ಕೆ ರಾಸ್ಮುಸ್ಸೆನ್. ಒಬ್ಬರಿಗೊಬ್ಬರು ಸಂಬಂಧವಿಲ್ಲ. ಜನ ಅವರನ್ನು ನ್ಯೂರುಪ್, ಫೋ, ಲೋಕ್ಕೆ ಅಂತಲೇ ಕರೆಯುತ್ತಾರೆ. ಹಳೆ ಪದ್ಧತಿ ಇದ್ದಿದ್ದರೆ ಲಾರ್ಸ್ ಲೋಕ್ಕೆಯ ಗಂಡುಮಕ್ಕಳು ಲಾರ್ಸೆನ್ ಆಗುತ್ತಿದ್ದರು.

ಎಲ್ ಅಂಡ್ ಟಿಯ ಲಾರ್ಸನ್ ಯಾರು?

ಹೆನ್ನಿಂಗ್ ಹೋಲ್ಕ್-ಲಾರ್ಸೆನ್. ಈಗ ‘ಹೋಲ್ಕ್’ ಯಾಕೆ ಮುಂದೆ ಇದೆ ಅಂತ ನಿಮಗೇ ಗೊತ್ತಾಗುತ್ತದೆ. ಬರೀ ಲಾರ್ಸೆನ್ ಅಂದರೆ ಡೆನ್ಮಾರ್ಕಿನಲ್ಲಿ ಯಾವ ಲಾರ್ಸೆನ್ ಅಂತ ಕೇಳುತ್ತಾರೆ. ನಮ್ಮಲ್ಲಿ ಲಾರ್ಸೆನ್ ಒಬ್ಬರೇ ಆದ್ದರಿಂದ ಕಂಪನಿಯ ಹೆಸರಿನಲ್ಲಿ ‘ಹೋಲ್ಕ್’ ಇಲ್ಲದೆಯೂ ನಡೆಯಿತು.

ಅವರು ಕೆಮಿಕಲ್ ಎಂಜಿನಿಯರ್, ಜೊತೆಗಾರ ಸೋರೆನ್ ಕ್ರಿಸ್ಟಿಯನ್ ಟೂಬ್ರೊ ಸಿವಿಲ್ ಎಂಜಿನಿಯರ್. ಇಬ್ಬರೂ ಕೋಪನ್‌ಹೇಗನ್ನಿನ ಎಫ್.ಎಲ್. ಸ್ಮಿತ್ ಎಂಬ ಸಿಮೆಂಟ್ ಯಂತ್ರಗಳ ಕಂಪನಿಯ ಕೆಲಸದ ಮೇಲೆ ಭಾರತಕ್ಕೆ ಬಂದವರು. 1938ರಲ್ಲಿ ಮುಂಬೈಯಲ್ಲಿ ಸ್ವಂತ ಪಾಲುದಾರಿಕೆ ಶುರು ಮಾಡಿದರು. ಮೊದಲು ಡೆನ್ಮಾರ್ಕಿನ ಹೈನುಗಾರಿಕೆ ಯಂತ್ರಗಳನ್ನು ತರಿಸಿ ಮಾರುತ್ತಿದ್ದರು. 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಹಿಡಿದುಕೊಂಡಿತು, ಸಾಮಾನು ಬರುವುದು ನಿಂತುಹೋಯಿತು. ಆಗ ಇಲ್ಲೇ ಮಾಡುವುದಕ್ಕೆ ಇಳಿದರು. ಹೋಲ್ಕ್-ಲಾರ್ಸೆನ್ ಅವರಿಗೆ 1976ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2002ರಲ್ಲಿ ಪದ್ಮಭೂಷಣ ಸಿಕ್ಕಿತು. ಮರುವರ್ಷ ತೀರಿಕೊಂಡರು.

ಟೂಬ್ರೊ ‘ಸೆನ್’ ಗುಂಪಿನ ಹೆಸರಲ್ಲ. ಆದರೆ ಅವರ ಸ್ವಂತ ಹೆಸರು ಸೋರೆನ್‌ನಿಂದಲೂ ಒಂದು ದೊಡ್ಡ ಅಡ್ಡಹೆಸರು ಹುಟ್ಟಿದೆ, ಸೋರೆನ್ಸೆನ್. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಪಿಎಚ್ ಅಳತೆಯನ್ನು ತಂದವರು ಸೋರೆನ್ ಪೀಡರ್ ಲೌರಿಟ್ಸ್ ಸೋರೆನ್ಸೆನ್. ನಡುವಿನ ಲೌರಿಟ್ಸ್ ನೋಡಿದಿರಾ? ಮತ್ತೆ ನಮ್ಮ ಲಾರೆನ್ಸ್.

ಲಾರ್ಸೆನ್ ಹೆಸರು ಇನ್ನೆಲ್ಲಿ ಕೇಳಿಸುತ್ತದೆ?

ಗಣಪತಿ ಪೆಂಡಾಲಿನಲ್ಲಿ ಮೈಕನ್ನು ಸ್ಪೀಕರ್ ಕಡೆ ತಿರುಗಿಸಿದರೆ ‘ಕುಂಯ್ಯ್’ ಅಂತ ಕಿವಿ ಸೀಳುವ ಶಬ್ದ ಬರುತ್ತದಲ್ಲ, ಅದರ ಹೆಸರೇ ಲಾರ್ಸೆನ್ ಪರಿಣಾಮ. ಸ್ಪೀಕರಿನ ಶಬ್ದ ಮೈಕಿಗೆ ಹೋಗಿ, ದೊಡ್ಡದಾಗಿ, ಮತ್ತೆ ಸ್ಪೀಕರಿಗೆ ಬಂದು, ಸುತ್ತುತ್ತಾ ಸುತ್ತುತ್ತಾ ಕೂಗಾಗುತ್ತದೆ. ಇದನ್ನು ಅಭ್ಯಾಸ ಮಾಡಿದ ಡ್ಯಾನಿಶ್ ವಿಜ್ಞಾನಿ ಸೋರೆನ್ ಅಬ್ಸಲೋನ್ ಲಾರ್ಸೆನ್ ಹೆಸರು ಅದಕ್ಕೆ ಬಂತು. ಫ್ರೆಂಚರು ಆ ಶಬ್ದಕ್ಕೆ ಸುಮ್ನೆ ‘ಲಾರ್ಸೆನ್’ ಅಂತಲೇ ಅನ್ನುತ್ತಾರೆ.

ಅಂಟಾರ್ಕ್ಟಿಕಾದ ಲಾರ್ಸೆನ್ ಹಿಮಹಾಸಿನ ಹೆಸರು ನಾರ್ವೆಯ ತಿಮಿಂಗಿಲ ಬೇಟೆಯ ಹಡಗಿನ ಕ್ಯಾಪ್ಟನ್ ಕಾರ್ಲ್ ಆಂಟನ್ ಲಾರ್ಸೆನ್ ಅವರದು. 1893ರಲ್ಲಿ ಅವರು ಅದರ ಅಂಚಿನಲ್ಲಿ ಸಾಗಿದ್ದರು. 2017ರ ಜುಲೈನಲ್ಲಿ ಲಾರ್ಸೆನ್-ಸಿ ಭಾಗದಿಂದ ಸುಮಾರು 5,800 ಚದರ ಕಿಲೋಮೀಟರಿನ ಹಿಮದ ತುಂಡು ಕಳಚಿಕೊಂಡಿತು. ಬೆಂಗಳೂರು ನಗರ ಜಿಲ್ಲೆಯ ಎರಡೂವರೆ ಪಟ್ಟಿಗೂ ಜಾಸ್ತಿ.

ನನ್ನ ಗೆಳೆಯರೊಬ್ಬರು ಲಾರ್ಸೆನ್. ಅವರ ಮೂಲ ಹುಡುಕುವುದು ಹೇಗೆ?

ಹೆಸರು ಹಿಡಿದು ಹುಡುಕಬೇಡಿ, ಊರು ಹಿಡಿದು ಹುಡುಕಿ. ಇದೊಂದು ಮಾತು ನೆನಪಿಟ್ಟುಕೊಂಡರೆ ಎಷ್ಟೋ ದಿನದ ಕೆಲಸ ಉಳಿಯುತ್ತದೆ. ಡೆನ್ಮಾರ್ಕಿನ ಚರ್ಚ್ ದಾಖಲೆಗಳು ಪ್ಯಾರಿಶ್ ಲೆಕ್ಕದಲ್ಲಿವೆ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳ ಲೆಕ್ಕದಲ್ಲಿ. ಕೆಲವು 17ನೇ ಶತಮಾನದವರೆಗೂ ಹೋಗುತ್ತವೆ. ಅಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹವಾದ ರಿಗ್ಸ್‌ಅರ್ಕೀವ್ ಅವುಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದೆ. 1787 ಮತ್ತು 1801ರ ಜನಗಣತಿಯೂ ಇದೆ.

1814ರ ಹೊತ್ತಿನಿಂದ ಪ್ರತಿ ಚರ್ಚ್ ಪುಸ್ತಕಕ್ಕೂ ಎರಡು ಪ್ರತಿ. ಒಂದು ಪಾದ್ರಿಯ ಹತ್ತಿರ, ಇನ್ನೊಂದು ಚರ್ಚಿನ ಗುಮಾಸ್ತನ ಹತ್ತಿರ. ಬೆಂಕಿ ಬಿದ್ದರೆ ಒಂದಾದರೂ ಉಳಿಯಲಿ ಅಂತ, ಎರಡನ್ನೂ ಒಂದೇ ಸೂರಿನಡಿ ಇಡಬಾರದು ಅನ್ನೋ ನಿಯಮವೂ ಇತ್ತು. ಗಂಡಸರನ್ನು ಹುಡುಕಲು ಸೈನ್ಯದ ಪಟ್ಟಿಗಳು ಬಂಗಾರ. 1789ರಿಂದ ರೈತರ ಗಂಡುಮಕ್ಕಳನ್ನು ಹುಟ್ಟಿದಾಗಲೇ ಅದರಲ್ಲಿ ಬರೆಯುತ್ತಿದ್ದರು, ಅಪ್ಪನ ಹೆಸರಿನ ಜೊತೆಗೆ.

ಬರವಣಿಗೆ ಮಾತ್ರ ಹಳೆಯ ಗೋಥಿಕ್ ಕೈಬರಹ. ನಾನು ಮೊದಲ ಸಲ ಒಂದು ಪುಟ ತೆರೆದಾಗ ಇರುವೆ ಸಾಲು ಕಂಡ ಹಾಗಾಯಿತು. ಮೂರು ಸಂಜೆ ಕೂತ ಮೇಲೆ ಒಂದು ಪದ ಕಣ್ಣಿಗೆ ಸಿಕ್ಕಿತು. ಲಾರ್ಸ್, ಅದರ ಪಕ್ಕ ಒಂದು ‘ಡ’, ಚುಕ್ಕಿ. ಲಾರ್ಸ್‌ಡಾಟರ್ ಅನ್ನೋದನ್ನು ಗುಮಾಸ್ತ ಚಿಕ್ಕದು ಮಾಡಿದ್ದ. ಅದಾದ ಮೇಲೆ ಪುಟದ ತುಂಬ ಅವೇ ಕಾಣತೊಡಗಿದವು.

ಇವತ್ತು ಡೆನ್ಮಾರ್ಕಿನಲ್ಲಿ ಯಾರಾದರೂ ಹಳೆಯ ಪದ್ಧತಿಯಲ್ಲಿ ಹೆಸರಿಡಬಹುದಾ?

ಇಡಬಹುದು. 2006ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೆಸರಿನ ಕಾನೂನು ಅದಕ್ಕೆ ಮತ್ತೆ ಅವಕಾಶ ಕೊಟ್ಟಿದೆ. ಅಪ್ಪನ ಹೆಸರಿಗೆ ‘ಸೋನ್’ ಅಥವಾ ‘ಡಾಟರ್’ ಸೇರಿಸಬಹುದು, ಅಮ್ಮನ ಹೆಸರಿಗೂ ಸೇರಿಸಬಹುದು. ಅಪ್ಪ ಲಾರ್ಸ್ ಆಗಿದ್ದರೆ ಮಗಳು ಲಾರ್ಸ್‌ಡಾಟರ್ ಆಗಬಹುದು. ಹೆಚ್ಚಿನವರು ಇದನ್ನು ಆರಿಸಿಕೊಳ್ಳುವುದಿಲ್ಲ, ಮನೆಯವರಿಗೆಲ್ಲ ಒಂದೇ ಹೆಸರಿರಲಿ ಅನ್ನುತ್ತಾರೆ. ಆದರೆ ಈಗ ಕೋಪನ್‌ಹೇಗನ್ನಿನಲ್ಲಿ ಒಂದು ಹೆಣ್ಣುಮಗು ಹುಟ್ಟಿ, ಅಪ್ಪ ಅಮ್ಮ ಮನಸ್ಸು ಮಾಡಿದರೆ, ಅವಳ ಹೆಸರಿನ ಕೊನೆಗೆ ‘ಮಗ’ ಇರಲೇಬೇಕಾಗಿಲ್ಲ.